ಎರಡನೇ ಪೊಟ್ಟಣ

ಆಗ ನನಗೆ ಎಪ್ಪತ್ತೊಂದು. ಮೂರು ವರ್ಷದ ಹಿಂದಿನ ಮಾತು.

ಮೊಮ್ಮಗಳು ತುಮಕೂರಿನ ಒಂದು ಆಸ್ಪತ್ರೆಯ ಐಸಿಯುನಲ್ಲಿ ನರ್ಸು. ಬಿ.ಎಸ್ಸಿ. ಮುಗಿಸಿ ಸ್ವಲ್ಪ ಕಾಲ ಕೆಲಸ ಮಾಡಿದವಳು, ಇನ್ನೂ ಓದುತ್ತೇನೆ ಎಂದಳು. ಎರಡು ಕಡೆ ಸೀಟು ಸಿಕ್ಕಿತು. ಒಂದು ಇಲ್ಲೇ ತುಮಕೂರಿನಲ್ಲಿ. ಅದನ್ನು ಓದಿದರೆ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುವ ಮೇಡಂ ಆಗಬಹುದು, ಹಗಲು ಕೆಲಸ, ಭಾನುವಾರ ರಜೆ. ಇನ್ನೊಂದು ಬೆಂಗಳೂರಿನಲ್ಲಿ, ನರ್ಸ್ ಪ್ರಾಕ್ಟೀಷನರ್ ಅಂತ. ಎರಡು ವರ್ಷ ಐಸಿಯುನಲ್ಲೇ ನಿಂತು ಕಲಿಯುವುದು.

"ಅದನ್ನ ಓದಿ ಏನಾಗ್ತೀಯೆ?" ಎಂದು ಕೇಳಿದೆ.

"ನರ್ಸೇ ಅಜ್ಜಿ. ಆದ್ರೆ ಪೇಷೆಂಟಿಗೆ ಏನಾದ್ರೂ ಆದ್ರೆ ಡಾಕ್ಟ್ರು ಬರೋಗಂಟ ಕೈ ಕಟ್ಕಂಡು ನಿಂತಿರೋದಿಲ್ಲ. ಅವ್ರು ಹಾಕ್ಕೊಟ್ಟಿರೋ ಲೆಕ್ಕದಲ್ಲಿ ಔಷಧಿ ಹೆಚ್ಚು ಕಮ್ಮಿ ಮಾಡೋದು ನಾನೇ."

"ಅಷ್ಟೆಲ್ಲಾ ಓದಿ ಮತ್ತೆ ಅದೇ ಬೆಡ್ಡು, ಅದೇ ನೈಟ್ ಡ್ಯೂಟಿ. ಮಂಕೇನ್ಲೇ ನಿಂಗೆ?"

"ನಿನ್ ಮೊಮ್ಮಗಳಲ್ವಾ," ಎಂದಳು.

ಮೂರನೇ ಕ್ಲಾಸು ಓದಿದ ನನ್ನ ತಲೆಗೆ ಇದು ಹತ್ತಲೇ ಇಲ್ಲ. ಕುರ್ಚಿ ಕೊಡುತ್ತೇವೆ ಅಂದರೆ ನಿಂತೇ ಇರುತ್ತೇನೆ ಅನ್ನುವವರೂ ಉಂಟೇ?

ಅವಳಪ್ಪ, ಅಂದರೆ ನನ್ನ ಮಗ, ತೆಂಗಿನಕಾಯಿ ವ್ಯಾಪಾರದವನು. ಗುಬ್ಬಿಯಿಂದ ಒಂದು ಸಂಬಂಧ ಹಿಡಿದಿದ್ದ. ಹುಡುಗಿ ಕಾಲೇಜು ಮೇಡಂ ಆಗುವುದಾದರೆ ಸರಿ, ರಾತ್ರಿಯೆಲ್ಲ ಆಸ್ಪತ್ರೆಯಲ್ಲಿರುವವಳು ಬೇಡ ಎಂದು ಅವರು ಹೇಳಿ ಕಳಿಸಿದ್ದರು. ಅಪ್ಪ ಮಗಳು ಮಾತು ಬಿಟ್ಟರು. ಸೀಟಿಗೆ ಸೇರಿಕೊಳ್ಳಲು ಮಾರನೇ ದಿನವೇ ಕೊನೆ ಅನ್ನುವಾಗ, ಮನೆದೇವರನ್ನು ಕೇಳೋಣ ಎಂದು ನಾನೇ ಹೇಳಿದೆ. ಇಬ್ಬರೂ ಒಪ್ಪಿದರು.

"ದೇವ್ರು ಮೇಡಂ ಆಗು ಅಂದ್ರೆ ಆಗ್ತೀನಿ," ಎಂದು ಅವಳು ನನ್ನ ಕೈ ಮೇಲೆ ಕೈಯಿಟ್ಟು ಹೇಳಿದಳು.

ನಮ್ಮ ಮನೆದೇವರು ಕುಣಿಗಲ್ ಕಡೆ, ಮಾರ್ಕೋನಹಳ್ಳಿಗೆ ಹೋಗುವ ದಾರಿಯಲ್ಲಿ. ಬಿಳಿ ಕಣಗಿಲೆ ಒಂದು ಪೊಟ್ಟಣ, ಕೆಂಪು ಕಣಗಿಲೆ ಒಂದು ಪೊಟ್ಟಣ, ಬಾಳೆಯೆಲೆಯಲ್ಲಿ ಕಟ್ಟಿ ದೇವರ ಮುಂದಿಡುವುದು. ಕೇಳುವವರು ಒಂದನ್ನು ಎತ್ತಬೇಕು. ಎತ್ತಿದ್ದನ್ನು ಬಿಚ್ಚಿ ನೋಡುತ್ತಾರೆ, ಉಳಿದದ್ದನ್ನು ಬಿಚ್ಚದೆ ನೀರಿಗೆ ಬಿಡುತ್ತಾರೆ. ನನ್ನ ಮದುವೆಯನ್ನೂ ಹೀಗೇ ಕೇಳಿದ್ದರು. ಬಿಳಿ ಬಂದರೆ ಮೇಡಂ, ಕೆಂಪು ಬಂದರೆ ಬೆಂಗಳೂರು ಎಂದು ಮಾತಾಯಿತು. ಹೂವು ಬಿಡಿಸಿ ತಂದು ಕಟ್ಟಿದವನು ಮಗ.

ಮೊಮ್ಮಗಳು ಒಂದನ್ನು ಎತ್ತಿದಳು. ಪೂಜೆಯ ಅಯ್ನೋರು ಬಿಚ್ಚಿದರು. ಬಿಳಿ.

ಮಗ ಕೈಮುಗಿದ. ಅವಳು ಆ ಹೂವನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ಉಳಿದ ಪೊಟ್ಟಣಕ್ಕೆ ಕೈ ಹಾಕಿದಳು.

"ಅದನ್ನ ಬಿಚ್ಚಂಗಿಲ್ಲ ಕಣವ್ವ," ಎಂದರು ಅಯ್ನೋರು.

"ನಮ್ ಐಸಿಯುನಲ್ಲಿ ಒಬ್ರು ತುಂಬಿದ್ ಸಿರಿಂಜನ್ನ ಇನ್ನೊಬ್ರು ನೋಡ್ದೆ ಚುಚ್ಚಲ್ಲ ಅಯ್ನೋರೆ. ಖಾಲಿ ಬಾಟ್ಲೀನೂ ನೋಡೇ ಬಿಸಾಕೋದು. ಕೈಗೆ ಅದೇ ಅಭ್ಯಾಸ."

ಹೇಳುತ್ತಲೇ ಬಿಚ್ಚಿದಳು. ಅದೂ ಬಿಳಿ.

ನಾನು ಮಗನ ಕಡೆ ತಿರುಗಿದೆ. ಕೊರಳಲ್ಲಿ ಲಿಂಗ ಕಟ್ಟಿದವನು. ಪೂಜೆಯಾಗದೆ ಒಂದು ಲೋಟ ಕಾಫಿ ಮುಟ್ಟದವನು. ನನ್ನ ಹೊಟ್ಟೆಯಲ್ಲಿ ಹುಟ್ಟಿದವನು.

"ಏನ್ಲಾ ಇದು?" ಎಂದೆ.

"ಗುಬ್ಬಿಯೋರು ಬುಟ್ರೆ ಇನ್ಯಾರವ್ವ ಬತ್ತಾರೆ?" ಅವನು ತಲೆ ಎತ್ತಲಿಲ್ಲ.

"ಅದಕ್ಕೆ ದೇವ್ರ ಬಾಯಿಗೆ ನಿನ್ ಮಾತ್ ತುರುಕಿದ್ಯಾ?"

ಮೊಮ್ಮಗಳು ಅಳಲಿಲ್ಲ, ಬೈಯಲಿಲ್ಲ. "ಕೆಂಪು ಬಿಡಿಸ್ಲೇ ಇಲ್ವಾ ಅಪ್ಪಾಜಿ?" ಎಂದಳು.

"ಗಿಡದಾಗೇ ಐತೆ," ಎಂದ.

ಬೇರೆ ಹೂವು ತರಿಸಿ ಇನ್ನೊಂದು ಸಲ ಕೇಳೋಣವೇ ಎಂದರು ಅಯ್ನೋರು. "ಬ್ಯಾಡಿ, ಸಾಕು," ಎಂದೆ. ಆ ಬೆಂಗಳೂರಿನ ಓದು ನನಗೂ ಹಿಡಿಸಿರಲಿಲ್ಲ, ಈಗಲೂ ಪೂರ್ತಿ ಹಿಡಿಸಿಲ್ಲ. ಆದರೆ ಬಿಳಿ ಬಂದಾಗ ಅವಳು ಅದನ್ನು ನುಂಗಿಕೊಳ್ಳಲು ತಯಾರಾಗಿದ್ದಳು. ಮೋಸ ಮಾಡಿದವನು ನನ್ನವನು. ಕಾರು ಹತ್ತಿ ತುಮಕೂರಿನ ಶೆಟ್ಟಿಹಳ್ಳಿಯ ನಮ್ಮ ಮನೆಗೆ ಬಂದೆವು.

ಮಾರನೇ ಬೆಳಿಗ್ಗೆ ಎದ್ದು ದೀಪ ಹಚ್ಚಿದೆ, ದೇವರನ್ನು ಏನೂ ಕೇಳಲಿಲ್ಲ. ಗುಬ್ಬಿಗೆ ಫೋನು ಮಾಡಿ ಸಂಬಂಧ ಬೇಡ ಎಂದೆ. ರಾಗಿರೊಟ್ಟಿ ತಟ್ಟಿ ಡಬ್ಬಿಗೆ ಹಾಕಿಕೊಂಡು, ಮೊಮ್ಮಗಳ ಜೊತೆ ಬೆಂಗಳೂರಿನ ಬಸ್ಸು ಹತ್ತಿದೆ.