ಮೊರಬದ ಅಂಗಳದಲ್ಲಿ ಮಲಗಿದ್ದ ಕರಿಕೆ

ಬೆಳಗಿನ ಐದೂವರೆ. ಧಾರವಾಡ ಜಿಲ್ಲೆಯ ಮೊರಬ ಊರಿನ ಅಂಚಿನಲ್ಲಿರುವ ಶಾಲೆಯೊಂದರ ಖೋ ಖೋ ಅಂಗಳದಲ್ಲಿ ದುಂಡವ್ವ ಕುಕ್ಕರಗಾಲಲ್ಲಿ ಕೂತಿದ್ದಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಂಗೈಯನ್ನು ಹುಲ್ಲಿನ ಮೇಲೆ ಊರಿ ನೋಡುತ್ತಾರೆ. ಆಮೇಲೆ ತೋರುಬೆರಳನ್ನು ಎರಡು ಗಣ್ಣಿನಷ್ಟು ಮಣ್ಣಿಗಿಳಿಸಿ ತೆಗೆದು, ಅಂಟಿಕೊಂಡ ಕರಿಮಣ್ಣನ್ನು ಹೆಬ್ಬೆರಳಿನಿಂದ ಉಜ್ಜುತ್ತಾರೆ.

"ಇವತ್ತ ನೀರ ಬ್ಯಾಡ್ರಿ ಅಕ್ಕಾರ. ಇನ್ನೂ ತಂಪೈತಿ," ಎನ್ನುತ್ತಾರೆ, ಪಕ್ಕದಲ್ಲಿ ನಿಂತ ದೈಹಿಕ ಶಿಕ್ಷಕಿ ತಬಸುಮ್ ಅವರಿಗೆ.

ಇದು ಜೂನ್ ತಿಂಗಳ ನಡುಭಾಗ. ಅಂಗಳವಿಡೀ ಹಸಿರು. ಏಪ್ರಿಲ್‌ನಲ್ಲಿ ಇದನ್ನು ಕಂಡವರಿಗೆ ಈಗ ಕಣ್ಣನ್ನೇ ನಂಬಲಾಗುವುದಿಲ್ಲ. ಆಗ ಇಲ್ಲಿದ್ದುದು ಗೋಣಿಚೀಲದ ಬಣ್ಣದ ಒಣ ಹೊದಿಕೆ, ಅದರ ನಡುವೆ ಕೈ ತೂರುವಷ್ಟು ಅಗಲದ ಬಿರುಕುಗಳು. ಜನವರಿಯಲ್ಲಿ ಶಾಲೆಯ ಪಂಪು ಸುಟ್ಟುಹೋಗಿತ್ತು. ಮೂರು ತಿಂಗಳು ಹುಲ್ಲಿಗೆ ಒಂದು ಹನಿ ನೀರು ಸಿಕ್ಕಿರಲಿಲ್ಲ.

ಮಾರ್ಚ್‌ನಲ್ಲಿ ಆಟದ ನಡುವೆ ಸುನೀತಾ ಎಂಬ ಹುಡುಗಿಯ ಕಾಲು ಬಿರುಕಿಗೆ ಸಿಕ್ಕಿ ಪಾದದ ಎಲುಬು ಮುರಿಯಿತು. ಶಾಲಾ ಸಮಿತಿ ಸೇರಿತು. ಹುಲ್ಲು ಸತ್ತಿದೆ, ಎಲ್ಲ ಕೆರೆದುಹಾಕಿ ಸಿಮೆಂಟಿನ ಕಲ್ಲು ಹಾಸೋಣ ಎಂದರು ಸಮಿತಿಯ ಹಿರಿಯ ಅಮೋಘಸಿದ್ದಪ್ಪ. ಕಲ್ಲಿನ ಮೇಲೆ ಖೋ ಖೋ ಆಡಲಾಗದು. ಬಿದ್ದರೆ ಮೊಣಕಾಲು ಉಳಿಯದು. ಅದು ತಬಸುಮ್ ಅವರಿಗೆ ಗೊತ್ತಿತ್ತು. ಆದರೆ ಅವರ ಬಳಿ ಬೇರೆ ದಾರಿ ಇರಲಿಲ್ಲ.

ಅಂದು ಸಮಿತಿಗೆ ಚಹಾ ತಂದುಕೊಟ್ಟವರು ಶಾಲೆಯ ಕಸ ಗುಡಿಸುವ ದುಂಡವ್ವ. ಕಪ್ಪುಗಳನ್ನು ಇಟ್ಟವರು ಬಾಗಿಲಲ್ಲೇ ನಿಂತರು.

"ಯಜಮಾನ್ರ, ಅದು ಸತ್ತಿಲ್ರಿ. ಮಲಕೊಂಡೈತಿ."

"ನಿನಗ ಹೆಂಗ ಗೊತ್ತಬೇ?" ಎಂದರು ಅಮೋಘಸಿದ್ದಪ್ಪ.

"ನಲವತ್ತ ವರ್ಷ ಮಂದಿ ಹೊಲದಾಗ ಕರಕಿ ಕಿತ್ತೇನ್ರಿ. ಒಣಗಿದ್ದು ನೋಡೇನಿ, ಸತ್ತಿದ್ದು ಭಾಳ ಕಮ್ಮಿ."

ದುಂಡವ್ವನವರಿಗೆ ಈಗ ಅರವತ್ತೊಂದು. ಒಂಬತ್ತನೇ ವಯಸ್ಸಿಗೆ ಕಳೆ ಕೀಳಲು ಹೊಲಕ್ಕೆ ಹೋದವರು. ಕರಿಕೆ, ಅಂದರೆ ಗರಿಕೆ ಹುಲ್ಲು, ರೈತನಿಗೆ ದೊಡ್ಡ ಪೀಡೆ. ಮೊಳದಷ್ಟು ಆಳಕ್ಕೆ ಬೇರಿಳಿಸುತ್ತದೆ, ಒಂದು ಗಣ್ಣು ಉಳಿದರೂ ಮತ್ತೆ ಹಬ್ಬುತ್ತದೆ. ಅದನ್ನು ಕೊಲ್ಲುವುದೇ ಅವರ ಕೂಲಿಯಾಗಿತ್ತು. ಅದು ಎಲ್ಲಿ ಅಡಗುತ್ತದೆ, ಯಾವಾಗ ಎದ್ದೇಳುತ್ತದೆ ಎಂಬುದನ್ನು ಅವರಷ್ಟು ಬಲ್ಲವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ.

ಮಾತಿಗೆ ಬೆಲೆ ಸಿಗಲಿಲ್ಲ. ದುಂಡವ್ವ ಜಗಳಕ್ಕೂ ಹೋಗಲಿಲ್ಲ. ಅಂಗಳದ ನಡುವಿನಿಂದ ಇಟ್ಟಿಗೆಯಷ್ಟು ದೊಡ್ಡ ಹೆಂಟೆಯೊಂದನ್ನು ಅಗೆದು, ಒಡೆದ ಪ್ಲಾಸ್ಟಿಕ್ ಬುಟ್ಟಿಯಲ್ಲಿಟ್ಟು ಮನೆಗೆ ಒಯ್ದರು. ದಿನಾ ಪಾತ್ರೆ ತೊಳೆಯುವ ಮೊದಲು ಅದಕ್ಕೆ ಎರಡು ಚೊಂಬು ನೀರು. ಏಳು ದಿನ ಏನೂ ಇಲ್ಲ. ಎಂಟನೆಯ ದಿನ ಒಣ ಕಡ್ಡಿಗಳ ಬುಡದಲ್ಲಿ ಸೂಜಿಮೊನೆಯಂಥ ಹಸಿರು. ಹನ್ನೊಂದನೆಯ ದಿನ ಬುಟ್ಟಿ ಹೊತ್ತು ಬಂದು ಮುಖ್ಯೋಪಾಧ್ಯಾಯರ ಮೇಜಿನ ಮೇಲಿಟ್ಟರು. ಅಮೋಘಸಿದ್ದಪ್ಪ ಬಂದು ಬಹಳ ಹೊತ್ತು ನೋಡಿದರು. ಒಂದು ಎಸಳನ್ನು ಮೆಲ್ಲಗೆ ಎಳೆದರು. ಬರಲಿಲ್ಲ.

"ಶಾಲಿ ಚಾಲೂ ಆಗೂತನಕ ಟೈಮ್ ತಗೋ," ಎಂದರು.

ಮೊದಲು ದುಂಡವ್ವ ಸತ್ತ ಎಲೆಯನ್ನೆಲ್ಲ ಕಬ್ಬಿಣದ ಹಲ್ಲಿನ ಬಾಚಣಿಗೆಯಿಂದ ಬಾಚಿ ತೆಗೆದರು, ಒಟ್ಟು ಹದಿನೇಳು ಚೀಲ. ಬಿರುಕುಗಳಿಗೆ ಜರಡಿ ಹಿಡಿದ ತಿಪ್ಪೆಗೊಬ್ಬರ ಮತ್ತು ಮರಳು ತುಂಬಿದರು. ಊರಿನ ರಹಿಮಾನಸಾಬ ಐದು ದಿನಕ್ಕೊಮ್ಮೆ ಟ್ರ್ಯಾಕ್ಟರಿನಲ್ಲಿ ಒಂದು ಟ್ಯಾಂಕರ್ ಕೆರೆ ನೀರು ತಂದರು. ನೆಲ ನೆನೆದ ಮೇಲೆ, ನೀರು ಆಳಕ್ಕಿಳಿಯಲೆಂದು ಮೊಳಕ್ಕೊಂದರಂತೆ ಹಾರೆಯಿಂದ ತೂತು: ದಿನಕ್ಕೆ ನೂರೈವತ್ತು, ಎರಡು ವಾರ. ಬಿಸಿಲೇರುವ ಮೊದಲೇ ನೀರು ಬಿಡುವುದು, ಆಳಕ್ಕೆ ಕುಡಿಸುವುದು, ಮತ್ತೆ ಒಣಗಲು ಬಿಡುವುದು.

"ದಿನಾ ಚೂರ ಚೂರ ಹಾಕಿದ್ರ ಬೇರು ಮ್ಯಾಲ ಬಂದ ಕುಂದರ್ತಾವ್ರಿ. ನೀರ ಕೆಳಗ ಹೋದ್ರ ಬೇರೂ ಕೆಳಗ ಹೋಗ್ತಾವು."

ಎಲ್ಲವೂ ಅವರು ಹೇಳಿದಂತೆ ಆಗಲಿಲ್ಲ. ಬೇವಿನ ಮರದ ಕಡೆಯ ಮೂಲೆ ಹದಿನೈದು ದಿನವಾದರೂ ಅಲುಗಲಿಲ್ಲ. ಎಳೆದು ನೋಡಿದರೆ ಹುಲ್ಲು ಬೇರುಸಹಿತ ಕೈಗೆ ಬಂತು. "ಇದು ಖರೇನ ಸತ್ತೈತಿ. ನಾ ತಪ್ಪಿದ್ನಿ," ಎಂದರು ತಬಸುಮ್ ಅವರಿಗೆ, ಮುಖ ಸಣ್ಣದು ಮಾಡಿಕೊಂಡು. ಮರುದಿನ ಊರಿನ ರೈತ ಮಲಕಪ್ಪನವರ ಹೊಲದ ಬದುವಿಗೆ ಹೋಗಿ ಒಂದು ಬುಟ್ಟಿ ಕರಿಕೆ ಕಿತ್ತು ತಂದು ಆ ಮೂಲೆಗೆ ನೆಟ್ಟರು. ಪುಕ್ಕಟೆ ಕಳೆ ತೆಗೆದುಕೊಟ್ಟರೆಂದು ಮಲಕಪ್ಪ ಇಂದಿಗೂ ನಗುತ್ತಾರೆ.

ನೀರು ಬಿಡತೊಡಗಿದ ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ತಬಸುಮ್ ಬಂದಾಗ ಅಂಗಳ ದೂರದಿಂದ ಹಳದಿಯೇ. ದುಂಡವ್ವ ತಬಸುಮ್ ಅವರ ಚಪ್ಪಲಿ ಬಿಡಿಸಿ ಅಂಗಳದ ನಡುವೆ ಕರೆದೊಯ್ದು ಬಗ್ಗಿ ನೋಡಲು ಹೇಳಿದರು. ಒಣ ಕಡ್ಡಿಗಳ ಕೆಳಗೆ, ಬೇವಿನ ಮೂಲೆಯೊಂದನ್ನು ಬಿಟ್ಟು ಈ ಕೊನೆಯಿಂದ ಆ ಕೊನೆಯವರೆಗೆ, ಲಕ್ಷಾಂತರ ಮೊನೆಗಳು. "ನಾನು ಬಿ.ಪಿ.ಎಡ್ ಮಾಡಿದವಳು. ಅಂಗಳವನ್ನು ಬಗ್ಗಿ ನೋಡುವುದನ್ನು ಅವತ್ತೇ ಕಲಿತೆ," ಎನ್ನುತ್ತಾರೆ ತಬಸುಮ್.

ಹುಡುಗಿಯರು ಈಗ ಬರಿಗಾಲಲ್ಲಿ ಓಡುತ್ತಾರೆ. ಮೂಳೆ ಕೂಡಿದ ಸುನೀತಾ ಕಳೆದ ವಾರ ಮೊದಲ ಸಲ ಅಂಗಳಕ್ಕಿಳಿದಳು, ಧುಮುಕಿ ಬಿದ್ದಳು, ಮೈ ಕೊಡವಿಕೊಂಡು ಎದ್ದಳು. ದುಂಡವ್ವ ಗೋಡೆಯ ಬಳಿ ನಿಂತು ಅವಳು ಬಿದ್ದ ಜಾಗವನ್ನೂ ನೋಡಿದರು, ಅವಳ ಕಾಲನ್ನೂ ನೋಡಿದರು.

ಏನಾದರೂ ಬೇಕೆನಿಸುತ್ತದೆಯೇ ಎಂದು ಕೇಳಿದರೆ ದುಂಡವ್ವ ಕೈಗಂಟಿದ ಮಣ್ಣು ಕೊಡವಿಕೊಳ್ಳುತ್ತಾರೆ.

"ಧಾರವಾಡದಾಗ ದೊಡ್ಡ ಮೈದಾನ ಐತಂತಲ್ರಿ. ಅಲ್ಲಿ ಹುಲ್ಲ ನೋಡ್ಕೊಳ್ಳಾಕ ನನ್ನಂಥಾಕಿ ಯಾರರೆ ಇದ್ದ ಇರ್ತಾಳ. ಒಂದ ದಿನ ಆಕಿ ಬಾಜು ಕುಂತು, ನೀ ಹೆಂಗ ಮಾಡ್ತೀಯವಾ ಅಂತ ಕೇಳಬೇಕ್ರಿ."