ಅಕ್ಕನ ಖರೇ ಚಹಾ

ಕಲಬುರಗಿಯ ಗಾಜಿಪುರದ ನಮ್ಮ ಮನೆಯಲ್ಲಿ ಮೊಮ್ಮಗಳು ಪರೀಕ್ಷೆಗೆಂದು ಇಂಗ್ಲಿಷಿಗೆ ಬಂದ ಜರ್ಮನ್ ಪದಗಳನ್ನು ಬಾಯಿಪಾಠ ಮಾಡುತ್ತಿದ್ದಳು. ಕಿಂಡರ್‌ಗಾರ್ಟನ್, ರಕ್‌ಸ್ಯಾಕ್, ಹೀಗೆ. ನಾನು ಪಕ್ಕದಲ್ಲಿ ಕೂತು ಫೋನಿನಲ್ಲಿ ಟೈಪ್ ಮಾಡುವುದನ್ನು ಕಲಿಯುತ್ತಿದ್ದೆ. ನಾನೊಂದು ಪದ ಒತ್ತಿದರೆ ಈ ಫೋನು ತನಗೆ ಬೇಕಾದ ಇನ್ನೊಂದನ್ನು ಹಾಕುತ್ತದೆ, ಥೇಟ್ ನನ್ನ ಸೊಸೆಯ ಹಾಗೆ.

"ಎರ್ಜಾಟ್ಸ್ ಅಂದ್ರ ಖರೇದು ಸಿಗಲಾರ್ದಾಗ ಬಳಸೋ ಬದಲಿ ಮಾಲು, ಆಯಿ," ಎಂದಳು ಮೊಮ್ಮಗಳು. "ಯುದ್ಧದಾಗ ಜರ್ಮನಿಯವರಿಗಿ ಕಾಫಿ ಸಿಗಲಿಲ್ಲಂತ. ಬಾರ್ಲಿ ಹುರದು ಕುಡದಾರ."

"ಅದೇನ್ ದೊಡ್ಡದು? ನಾ ಜ್ವಾಳ ಹುರದು ಕುಡದೀನಿ."

"ನೀ ಜರ್ಮನಿಗಿ ಯಾವಾಗ ಹೋಗಿದ್ದಿ, ಮುದುಕಿ?"

"ಕಮಲಾಪುರದಾಗೇ ಇತ್ತು ನನ್ನ ಜರ್ಮನಿ."

ಅವಳು ನಕ್ಕಳು. ಉಳಿದದ್ದನ್ನು ನಾನು ಹೇಳಲಿಲ್ಲ.

ಪಾಕಿಸ್ತಾನದ ಜೊತೆ ಯುದ್ಧ ನಡೆದ ವರ್ಷ ಅದು. ನನಗೆ ಒಂಬತ್ತು. ಕಮಲಾಪುರದ ಅಂಗಡಿಗಳಲ್ಲಿ ಚಹಾಪುಡಿಯೂ ಇಲ್ಲ, ಸಕ್ಕರೆಯೂ ಇಲ್ಲ. ಅವ್ವ ಜೋಳವನ್ನು ಕಪ್ಪಾಗುವವರೆಗೆ ಹುರಿದು, ಕುಟ್ಟಿ, ಬೆಲ್ಲ ಹಾಕಿ ಕುದಿಸುತ್ತಿದ್ದಳು. ಸುಟ್ಟ ರೊಟ್ಟಿಯ ರುಚಿ. ನಾವೆಲ್ಲ ಅದನ್ನೇ ಚಹಾ ಎಂದು ಕುಡಿದೆವು, ಅಕ್ಕನೊಬ್ಬಳನ್ನು ಬಿಟ್ಟು.

ಅಕ್ಕ ಬಾಣಂತನಕ್ಕೆ ಬಂದಿದ್ದಳು. ಕೂಸು ಉಳಿದಿರಲಿಲ್ಲ. ಜ್ವರ ಇಳಿಯುತ್ತಿರಲಿಲ್ಲ. "ಯವ್ವ, ಖರೇ ಚಾ ಒಂದು ಕಪ್ಪು ಕೊಡಬೇ. ಬ್ಯಾರೆ ಏನೂ ಕೇಳಂಗಿಲ್ಲ," ಎನ್ನುತ್ತಿದ್ದಳು.

ಅಪ್ಪ ಕಲಬುರಗಿಗೆ ಹೋಗಿ, ಸ್ಟೇಶನ್ ಬಜಾರದ ಹೋಟೆಲಿನವನೊಬ್ಬನನ್ನು ಕಾಡಿ ಬೇಡಿ, ಚಿಟಿಕೆ ಚಹಾಪುಡಿ, ಎರಡು ಚಮಚದಷ್ಟು ಸಕ್ಕರೆ ತಂದ. ಅವ್ವ ಸಕ್ಕರೆಯನ್ನು ಬಟ್ಟೆಯಲ್ಲಿ ಕಟ್ಟಿ ದೇವರ ಜಗಲಿಯ ಮೇಲಿಟ್ಟಳು.

"ಸೋಮವಾರ ದೇವರಿಗಿ ಏರಿಸಿ ಕೊಡ್ತೀನಿ. ಜ್ವರ ಇಳೀತದ," ಎಂದಳು.

ಸೋಮವಾರಕ್ಕೆ ಇನ್ನೂ ನಾಲ್ಕು ದಿನ. ಮೊದಲ ದಿನ ನಾನು ಬೆರಳು ಒದ್ದೆ ಮಾಡಿಕೊಂಡು ಒಂದೇ ಸಲ ಅದ್ದಿ ನೆಕ್ಕಿದೆ. ದೇವರು ಏನೂ ಅನ್ನಲಿಲ್ಲ. ಭಾನುವಾರ ಸಂಜೆ ಬಟ್ಟೆ ಬಿಚ್ಚಿದರೆ ಒಳಗೆ ಬರೀ ಅಂಟು. ಹರಳುಪ್ಪನ್ನು ಕಲ್ಲಿನಿಂದ ಜಜ್ಜಿ ಅಷ್ಟೇ ಗಾತ್ರದ ಗಂಟು ಕಟ್ಟಿಟ್ಟೆ. ಅದೇ ನಾನು ಮಾಡಿದ ಎರ್ಜಾಟ್ಸ್.

ಸೋಮವಾರ ಪೂಜೆ ಮುಗಿಯಿತು. ದೇವರಿಗೆ ಏರಿಸಿದ್ದು ಎಂಜಲಾಗಬಾರದೆಂದು ಅವ್ವ ರುಚಿ ನೋಡಲಿಲ್ಲ. ಗಂಟಿನಲ್ಲಿದ್ದ ಎರಡು ಚಮಚವನ್ನೂ ಕಪ್ಪಿಗೆ ಹಾಕಿ ಕಲಕಿದಳು. ಮೇಕೆಯ ಹಾಲಿನ ಚಹಾ, ಮನೆಯೆಲ್ಲ ಘಮ. ನಾನು ಬಾಗಿಲಿಗೆ ಅಂಟಿಕೊಂಡು ನಿಂತಿದ್ದೆ.

ಅಕ್ಕ ಒಂದು ಗುಟುಕು ಕುಡಿದಳು. ಮುಖ ಕಿವುಚಿದಳು. ಕಣ್ಣು ಸೀದಾ ನನ್ನ ಮೇಲೆ ಬಂತು.

"ಹೆಂಗದ, ನನ್ನವ್ವ?" ಎಂದು ಅವ್ವ ಕೇಳಿದಳು.

"ಖರೇದೇ ಅದ."

"ನಂಗೊಂದು ಗುಟುಕು ಕೊಡು, ನೋಡಮು," ಎಂದು ಅಪ್ಪ ಕೈ ಚಾಚಿದ.

"ಕೊಡಂಗಿಲ್ಲ ಹೋಗೋ. ಇದು ನಂದು," ಎಂದು ಅಕ್ಕ ಕಪ್ಪನ್ನು ಎದೆಗೆ ಒತ್ತಿಕೊಂಡಳು. ಅಪ್ಪ ನಕ್ಕ. ಅವಳು ತಳದವರೆಗೆ, ಒಂದು ಹನಿ ಬಿಡದೆ ಕುಡಿದಳು. ಆಮೇಲೆ ನೀರು ಕೇಳಿದಳು. ಮತ್ತೆ ನೀರು.

ಗುರುವಾರ ಹೋದಳು.

ಅವ್ವ ಬದುಕಿದ್ದಷ್ಟು ಕಾಲ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು: "ಹೋಗೂದು ಹೋದಳು ಖರೆ, ಬೇಡಿದ ಚಾ ಕುಡದು ಹೋದಳು." ನಾನು ಹೂಂ ಎನ್ನುತ್ತಿದ್ದೆ. ಅವಳ ಹತ್ತಿರ ಉಳಿದಿದ್ದದ್ದು ಅದೊಂದೇ. ಅದನ್ನೂ ಕಸಿಯಲು ನನಗೆ ಬಾಯಿ ಬರಲಿಲ್ಲ.

ಈಗ ಮೊಮ್ಮಗಳು ಪುಸ್ತಕ ಮುಚ್ಚಿ ಒಳಗಿನಿಂದ ಕೂಗುತ್ತಿದ್ದಾಳೆ: "ಆಯಿ, ಚಾ ಮಾಡೀನಿ. ನಿಂಗ ಸಕ್ರಿ ಇಲ್ಲಾರ್ದೇ ಅಲ್ಲಾ?"

"ಹೂಂ."

ನನಗೆ ಸಕ್ಕರೆ ಕಾಯಿಲೆ ಅಂತ ಮನೆಯವರೆಲ್ಲ ತಿಳಿದಿದ್ದಾರೆ. ನನಗೆ ಅದು ಇಲ್ಲ.