ಆಚೆಮನೆಯ ಬಚ್ಚಲ ನೀರು

ಹಿತ್ತಲಲ್ಲಿ ಕಾಯಿಪಲ್ಯ ಬೆಳೆಯುವುದು ಬಹಳ ಸುಲಭ ಎನ್ನುತ್ತಾರೆ. ಸುಲಭವೇ. ಮೆಂತ್ಯದ ಕಾಳನ್ನು ಕಣ್ಣು ಮುಚ್ಚಿ ಚೆಲ್ಲಿದರೂ ವಾರದೊಳಗೆ ಎದ್ದು ನಿಲ್ಲುತ್ತದೆ. ರಾಜಗಿರಿಯನ್ನು ಯಾರೂ ಬಿತ್ತಬೇಕಿಲ್ಲ, ಹೋದ ವರ್ಷ ಉದುರಿದ ಬೀಜ ತಾನೇ ಹುಟ್ಟುತ್ತದೆ. ಬಸಳೆಯದಂತೂ ಒಂದು ತುಂಡು ಬಳ್ಳಿ ಚುಚ್ಚಿದರೆ ಸಾಕು, ಬೇಡವೆಂದರೂ ಬಿಡುವುದಿಲ್ಲ. ಕಷ್ಟವಿರುವುದು ಬೆಳೆಯುವುದರಲ್ಲಲ್ಲ, ಬೆಳೆದದ್ದನ್ನು ಬಾಯಿಗಿಡುವುದರಲ್ಲಿ. ಸವಣೂರಿನ ಈ ಓಣಿಗೆ ಸೊಸೆಯಾಗಿ ಬಂದ ಮೇಲೆ ನನಗದು ತಿಳಿಯಿತು.

ನನ್ನ ತವರು ಚಿಕ್ಕೇರೂರು. ಅಲ್ಲಿ ಪಲ್ಯ ಬೆಳೆಯುತ್ತಿದ್ದದ್ದು ಹೊಲದಲ್ಲಿ, ಬೋರಿನ ನೀರಿನಲ್ಲಿ. ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆಂದು ನಾವು ತಿರುಗಿ ನೋಡಿದವರಲ್ಲ. ಇಲ್ಲಿ ನಳ ಬರುವುದೇ ಅಪರೂಪ. ಬಂದ ನೀರನ್ನು ಎರಡು ಸಲ ದುಡಿಸಬೇಕು, ಮೊದಲು ಮೈಗೆ, ಆಮೇಲೆ ಗಿಡಕ್ಕೆ. ಬಚ್ಚಲ ಗೋಡೆಯ ಬುಡದಿಂದ ಸಣ್ಣ ಕಾಲುವೆಯೊಂದು ಹೊರಟು ನೇರವಾಗಿ ಅತ್ತೆಯ ಪಾತಿಗೆ ಸೇರುತ್ತದೆ. ಮೊದಲ ಸಲ ಬಸಳೆ ಹರಿಯಲು ಹೋದಾಗ ಕಂಡದ್ದನ್ನು ಹೇಳುತ್ತೇನೆ, ಊಟಕ್ಕೆ ಕೂತವರು ಓದಬೇಡಿ. ಸಾಬೂನಿನ ಬೂದು ನೊರೆ, ನೊರೆಯಲ್ಲಿ ತೇಲುವ ಕೂದಲ ಗಂಟು, ಮಾವ ಕ್ಯಾಕರಿಸಿ ಉಗಿದದ್ದು, ಯಾರದೋ ಬೆರಳಿನ ಗಾಯಕ್ಕೆ ಸುತ್ತಿದ್ದ ಪಟ್ಟಿ. ಎಲೆಯ ಕೆಳಗೆ ಬಸವನಹುಳವೊಂದು ಲೋಳೆ ಎಳೆದುಕೊಂಡು ಹೋಗುತ್ತಿತ್ತು. ಬಸಳೆಯೇ ಲೋಳೆ, ಅದರ ಮೇಲೆ ಇದೊಂದು ಲೋಳೆ. ಸೆರಗಿನಿಂದ ಮೂಗು ಮುಚ್ಚಿ ಎರಡು ಹೆಜ್ಜೆ ಹಿಂದೆ ಸರಿದೆ.

ಅತ್ತೆ ನಕ್ಕರು. "ನಮ್ಮ ಮೈ ತೊಳದ ನೀರು ನಮ್ಮ ಹೊಟ್ಟಿಗೆ ಹೋದ್ರ ಏನಾಗತೈತಿ? ಸಾಬೂನ ನೀರಿಗೆ ಹುಳಾ ಸೈತ ಬರಂಗಿಲ್ಲ. ಸುಮ್ಮ ತಿನ್ನವಾ."

ಬಸವನಹುಳ ಅವರ ಲೆಕ್ಕದಲ್ಲಿ ಹುಳುವಲ್ಲವೇನೋ. ನಾನು ತೊಳೆದೆ, ಮತ್ತೆ ತೊಳೆದೆ, ಉಪ್ಪು ನೀರಿನಲ್ಲಿ ನೆನೆಹಾಕಿದೆ. "ಅರಿವಿ ಒಗ್ಯಾಕತ್ತಿಯೋ, ಪಲ್ಯಾ ಮಾಡಾಕತ್ತಿಯೋ?" ಎಂದು ಅತ್ತೆ ಕೇಳಿದರು. ಕಡೆಗೆ ರೊಟ್ಟಿಯಲ್ಲಿ ಮುಚ್ಚಿ ನುಂಗಿದೆ. ಹಾಳಾದ್ದು, ರುಚಿಯಾಗಿತ್ತು. ಆ ರುಚಿಯೇ ನನಗೆ ಇನ್ನಷ್ಟು ಹೇಸಿಗೆ ಹುಟ್ಟಿಸಿತು. ಆದರೂ ದಿನ ಕಳೆದಂತೆ ಒಗ್ಗಿತು.

ಹಿತ್ತಲಿನ ಮೋಟುಗೋಡೆಯ ಆಚೆ ಇನ್ನೊಂದು ಮನೆ. ಆ ಮನೆ ನಮ್ಮದಕ್ಕಿಂತ ಎತ್ತರದಲ್ಲಿದೆ. ಅಲ್ಲಿ ತುಂಬಿದ ಸಂಸಾರ, ಆ ಮನೆಯಾಕೆ ರವಿಕೆ ಹೊಲಿಯುತ್ತಾರೆ. ಅವರ ಮಾತಿನಲ್ಲಿ ಅಕ್ಕ ಎಂದರೆ ಆಪಾ, ನಾನೂ ಅವರನ್ನು ಹಾಗೇ ಕರೆಯುತ್ತೇನೆ. ಬಂದ ಹೊಸತರಲ್ಲಿ ನನ್ನ ಜೊತೆ ಮನಸ್ಸು ಬಿಚ್ಚಿ ಮಾತಾಡಿದವರು ಅವರೊಬ್ಬರೇ. ತವರಿನ ನೆನಪಾಗಿ ಕಣ್ಣೀರು ಬಂದಾಗ ನಾನು ಬಟ್ಟೆ ಒಣಹಾಕುವ ನೆಪ ಮಾಡಿ ಆ ಗೋಡೆಯ ಹತ್ತಿರ ಹೋಗುತ್ತಿದ್ದೆ. "ಯಾಕ ತಂಗಿ, ಮಾರಿ ಸಣ್ಣ ಮಾಡೀ?" ಎಂದು ಆಚೆಯಿಂದ ಕೇಳಿದರೆ ಸಾಕಿತ್ತು. ಅತ್ತೆಮನೆಯಲ್ಲಿ ನನಗೆ ಸೇರಿದ್ದೆಂದು ಏನಾದರೂ ಇದ್ದರೆ ಅದು ಆ ಗೋಡೆಯ ಆಚೆ ಇತ್ತು.

ಆಪಾಗೂ ಪಾತಿಯಿತ್ತು, ಅದೂ ಬಚ್ಚಲ ನೀರಿನದೇ. ಪಲ್ಯ ಹರಿದ ದಿನ ಪುಟ್ಟ ಬುಟ್ಟಿಯಲ್ಲಿ ನಾಲ್ಕಾರು ಸಿವುಡು ಇಟ್ಟು ಗೋಡೆಯ ಮೇಲಿಂದ ಕೊಡುತ್ತಿದ್ದರು. ಸಿವುಡು ಕಟ್ಟಿದ್ದು ಬಾಳೆನಾರಿನಿಂದಲ್ಲ, ಹೊಲಿಗೆಯಲ್ಲಿ ಉಳಿದ ಬಟ್ಟೆಯ ಅಂಚಿನಿಂದ. ಕೆಂಪು, ಹಸಿರು, ಜರಿಯದ್ದೂ ಇರುತ್ತಿತ್ತು. ಅತ್ತೆ ಎರಡೂ ಕೈಯಿಂದ ತೆಗೆದುಕೊಳ್ಳುತ್ತಿದ್ದರು. ಬಂದ ಬುಟ್ಟಿಯನ್ನು ಖಾಲಿ ಕೊಡಬಾರದೆಂದು ನಮ್ಮ ಬಸಳೆಯನ್ನೋ ಒಂದೆರಡು ನಿಂಬೆಹಣ್ಣನ್ನೋ ಹಾಕಿ ಕಳಿಸುತ್ತಿದ್ದರು. ಎಷ್ಟು ಚೆಂದದ ಪದ್ಧತಿ ಎಂದುಕೊಂಡಿದ್ದೆ.

ಒಂದು ಬೆಳಿಗ್ಗೆ ನೋಡುತ್ತೇನೆ, ಅತ್ತೆ ಆ ಸಿವುಡುಗಳನ್ನು ಒಯ್ದು ಎಮ್ಮೆಯ ಗೋದಲಿಗೆ ಎಸೆಯುತ್ತಿದ್ದಾರೆ. ಕಟ್ಟನ್ನು ಸಹ ಬಿಚ್ಚಿರಲಿಲ್ಲ.

"ಯಾಕ್ರಿ ಅತ್ತಿ? ಎಳೀ ಮೆಂತ್ಯೆ ಐತಲ್ರಿ," ಎಂದೆ.

"ಅವರ ಬಚ್ಚಲ ನೀರಾಗ ಬೆಳದದ್ದನ್ನ ತಿಂತಿಯೇನ? ಛೀ! ಹೊಲಸು."

"ನಮ್ಮದೂ ಬಚ್ಚಲ ನೀರ ಅಲ್ರಿ?"

"ನಮ್ಮದು ನಮ್ಮದು. ಅವರದು ಅವರದು. ಇಷ್ಟೂ ತಿಳಿಯಂಗಿಲ್ಲೇನ ನಿನಗ?"

ತಿಳಿಯಿತು. ಅದು ನೀರಿನ ಮಾತಲ್ಲವೆಂದೂ ತಿಳಿಯಿತು. ಮಾವ ಉಗಿದ ಕಫ ಪಲ್ಯಕ್ಕೆ ಗೊಬ್ಬರ, ಆಪಾ ಮುಖ ತೊಳೆದ ನೀರು ವಿಷ. ಆ ಪಲ್ಯವನ್ನೇ ತಿಂದು ಎಮ್ಮೆ ಕೊಟ್ಟ ಹಾಲಿನಲ್ಲಿ ಚಹಾ ಕುದಿಸಿ ಸೊರ್ ಎಂದು ಕುಡಿಯುವಾಗ ಯಾವ ಹೊಲಸೂ ಇಲ್ಲ. ತನ್ನ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿದ್ದರೂ ಪರರ ಎಲೆಯ ನೊಣ ಓಡಿಸಲು ಹೋದರಂತೆ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತೇನೋ. ಸಂಜೆ ಗೋಡೆಯ ಹತ್ತಿರ ಆಪಾ "ಪಲ್ಯಾ ಹೆಂಗಾಗಿತ್ರಿ ಅವ್ವಾರ?" ಎಂದರೆ, ಅತ್ತೆ ಬಾಯಿ ಚಪ್ಪರಿಸಿ, "ಬೆಣ್ಣಿ ಆಗಿತ್ತು ನೋಡವಾ, ಎರಡ ರೊಟ್ಟಿ ಹೆಚ್ಚಿಗಿ ತಿಂದೆ," ಎನ್ನುತ್ತಿದ್ದರು. ಬಸವನಹುಳದ ಲೋಳೆ ನೀರು ಹಾಕಿದರೆ ಹೋಗುತ್ತದೆ. ಆ ಮಾತಿನ ಲೋಳೆ ಯಾವ ನೀರಿಗೂ ಹೋಗುತ್ತಿರಲಿಲ್ಲ. ಇನ್ನು ಮೇಲೆ ಆ ಪಲ್ಯ ನಾನೇ ಮಾಡಿಕೊಂಡು ತಿನ್ನುತ್ತೇನೆಂದು ಹಟ ಹಿಡಿದೆ. ಒಲೆಯ ಮೇಲೆ ಆ ಪಲ್ಯ ಏರಿದರೆ ತಾನು ಉಪವಾಸ ಕೂರುತ್ತೇನೆಂದು ಅತ್ತೆಯೂ ಹಟ ಹಿಡಿದರು. ಗಂಡ ಇಬ್ಬರಿಗೂ ಬೆನ್ನು ತಿರುಗಿಸಿ ಮೊಬೈಲ್ ನೋಡುತ್ತ ಕುಳಿತರು. ಎಮ್ಮೆಗೆ ಸುಗ್ಗಿ.

ರಂಜಾನ್ ಹಬ್ಬದ ಮುನ್ನಾದಿನ ನಾನು ರಾಜಗಿರಿ ಕೀಳಲು ಕೂತಿದ್ದೆ. ಬಸಳೆಯ ಪೊದೆಯ ಒಳಗಿಂದ ಕಾವಿ ಬಣ್ಣದ ನೀರು ಹರಿದು ಬಂತು. ನಮ್ಮ ಬಚ್ಚಲಲ್ಲಿ ಆಗ ಯಾರೂ ಇರಲಿಲ್ಲ. ಬಳ್ಳಿ ಸರಿಸಿ ನೋಡಿದೆ. ಮೋಟುಗೋಡೆಯ ಬುಡದಲ್ಲಿ, ಹಾಸಿದ ಪರಶಿಕಲ್ಲಿನ ಕೆಳಗೆ, ಒಂದು ತೂತು. ಬಂದ ನೀರಿಗೆ ಮೆಹಂದಿಯ ವಾಸನೆ. ಆಚೆಮನೆಯವರು ಕೈ ತೊಳೆದದ್ದು, ತಲೆ ತೊಳೆದದ್ದು, ಬಟ್ಟೆ ಒಗೆದದ್ದು ಎಲ್ಲವೂ ಅವರ ಪಾತಿ ದಾಟಿ, ತಗ್ಗು ನೋಡಿಕೊಂಡು ನಮ್ಮ ಪಾತಿಗೇ ಬರುತ್ತಿತ್ತು! ಅತ್ತೆ ಊರಿಗೆಲ್ಲ ಹೊಗಳಿಕೊಳ್ಳುತ್ತಿದ್ದ ಆ ಬಸಳೆ ಕೊಬ್ಬಿದ್ದು ಅದರಿಂದ. ನನಗೆ ನಗು ತಡೆಯಲಾಗಲಿಲ್ಲ. ಹೇಳಿದರೆ ಅಂದೇ ಗಾರೆ ತರಿಸಿ ತೂತು ಮುಚ್ಚುತ್ತಾರೆ. ಅದಕ್ಕಿಂತ ಅವರು ಬಸಳೆ ಹುಳಿಗೆ ಇನ್ನೊಮ್ಮೆ ತಟ್ಟೆ ಒಡ್ಡುವುದನ್ನು ನೋಡುವುದೇ ನನಗೆ ಹಿತವೆನಿಸಿತು.

ಆ ಸುಖ ಬಹಳ ದಿನ ಉಳಿಯಲಿಲ್ಲ. ಒಂದು ಮಧ್ಯಾಹ್ನ ಆಪಾ ಅತ್ತೆಯ ಹೊಸ ರವಿಕೆ ಹೊಲಿದು ತಂದು, ಹಿತ್ತಲ ಬಾಗಿಲಿನಿಂದಲೇ ಒಳಗೆ ಬಂದರು. ಬಾಗಿಲ ಪಕ್ಕದಲ್ಲೇ ಗೋದಲಿ. ಬೆಳಿಗ್ಗೆ ಅವರು ಕೊಟ್ಟ ಸಿವುಡುಗಳು ಅದರಲ್ಲಿದ್ದವು. ಒಂದು ಎಮ್ಮೆಯ ಬಾಯಲ್ಲಿತ್ತು, ಕಟ್ಟಿದ ನೀಲಿ ಅಂಚು ಹೊರಗೆ ಜೋತಾಡುತ್ತಿತ್ತು. ಆಪಾನ ಕೈಯಲ್ಲಿದ್ದ ರವಿಕೆಯೂ ಅದೇ ನೀಲಿ. ಅತ್ತೆಯ ಬಟ್ಟೆಯಲ್ಲಿ ಉಳಿದ ಅಂಚಿನಿಂದಲೇ ಅವರು ಅಂದಿನ ಪಲ್ಯ ಕಟ್ಟಿದ್ದರು.

ಅತ್ತೆ ಅಲ್ಲೇ ಕಟ್ಟೆಯ ಹತ್ತಿರ ನಿಂತಿದ್ದರು. ಆಪಾ ಮೆಲ್ಲನೆ ಎಮ್ಮೆಯ ಬಾಯಿಂದ ಆ ಅಂಚನ್ನು ಎಳೆದು ತೆಗೆದರು.

"ಅರಿವಿ ನುಂಗಿದ್ರ ಎಮ್ಮಿಗೆ ತ್ರಾಸ ಆಗತೈತ್ರಿ ಅವ್ವಾರ. ಬಿಚ್ಚಿ ಹಾಕ್ರಿ," ಎಂದರು. ರವಿಕೆಯನ್ನು ಕಟ್ಟೆಯ ಮೇಲಿಟ್ಟು ಹೋದರು. ನಾಚಿಕೆಯಿಂದ ನಾನು ಅಲ್ಲೇ ಸತ್ತಂತಾದೆ. ಅತ್ತೆ ರವಿಕೆಯನ್ನು ಎತ್ತಿಕೊಂಡು ತೋಳಿನ ಅಳತೆ ನೋಡಿದರು.

ಓಣಿಗೆ ಒಳಚರಂಡಿಯ ಪೈಪು ಆಗಲೇ ಬಂದಿತ್ತು. ಗಿಡಕ್ಕೆ ನೀರು ಬೇಕೆಂದು ನಮ್ಮಂತೆ ಆಪಾ ಕೂಡ ಬಚ್ಚಲನ್ನು ಅದಕ್ಕೆ ಜೋಡಿಸಿರಲಿಲ್ಲ. ಆ ವಾರ ಜೋಡಿಸಿದರು. ಆಚೆಯಿಂದ ಗೌಂಡಿ ಗೋಡೆಯ ತೂತಿಗೆ ಸಿಮೆಂಟು ತುಂಬುವ ಸದ್ದು ಕೇಳಿ ನಾನು ಓಡಿದೆ.

"ಗಿಡಾ ಒಣಗತಾವಲ್ರಿ ಆಪಾ."

"ಒಣಗ್ಲಿ ಬಿಡ ತಂಗಿ. ನಮ್ಮ ಹೊಲಸು ನಿಮ್ಮ ಹಿತ್ತಲಕ್ಕ ಯಾಕ?"

ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ನೀರು ನಮ್ಮ ಗಿಡಕ್ಕೆ ಹೋಗಲೆಂದೇ ಆ ತೂತನ್ನು ಬಿಟ್ಟಿದ್ದರು. ನಾನು ಬಂದ ದಾರಿಯಲ್ಲೇ ಒಳಗೆ ಹೋದೆ. ಈಗ ನಾನು ಬಟ್ಟೆ ಒಣಹಾಕಲು ಹೋದರೂ ಆಚೆಯಿಂದ ಬರುವುದು ಹೊಲಿಗೆಯಂತ್ರದ ಸದ್ದು ಮಾತ್ರ. ಕೊನೆಯ ಸಲ ಬಂದ ಬುಟ್ಟಿ ನಮ್ಮಲ್ಲೇ ಉಳಿದಿದೆ. ಖಾಲಿ ಕೊಡಲು ಮನಸ್ಸಿಲ್ಲ, ತುಂಬಿ ಕೊಡಲು ಹಿತ್ತಲಲ್ಲಿ ಏನೂ ಇಲ್ಲ.

ಬೇಸಿಗೆ ಬರುವ ಮೊದಲೇ ಬಸಳೆ ಕಡ್ಡಿಯಾಯಿತು. ರಾಜಗಿರಿ ಗೇಣುದ್ದ ಏಳುವ ಮೊದಲೇ ಹೂ ಬಿಟ್ಟು ನಿಂತಿತು. ನಮ್ಮ ನಾಲ್ವರ ನೀರು ಪಾತಿಯ ಬಾಯಿಗೂ ಸಾಲದು. ಅತ್ತೆ ಒಣಗಿದ ಬಳ್ಳಿ ಹಿಡಿದು ಎಳೆದಾಡಿದರು.

"ಯಾರ ಕಣ್ಣ ಬಿತ್ತೋ ಏನೋ. ಇಷ್ಟ ವರ್ಷ ಹಿಂಗ ಆಗಿದ್ದಿಲ್ಲ."

"ಕಣ್ಣಲ್ಲರಿ ಅತ್ತಿ," ಎಂದು ಸಿಮೆಂಟಿನ ಕಲೆ ತೋರಿಸಿದೆ. "ಇಷ್ಟ ವರ್ಷ ನೀವು ತಿಂದದ್ದು ಆಪಾನ ಬಚ್ಚಲ ನೀರಿನ ಬಸಳೀನರಿ."

ಅವರು ಆ ಕಲೆಯನ್ನೂ ನನ್ನನ್ನೂ ನೋಡಿದರು. ಒಂದು ಕ್ಷಣ, ಈಗಲಾದರೂ ಗೋಡೆಯ ಹತ್ತಿರ ಹೋಗಿ ಕರೆಯುತ್ತಾರೇನೋ ಎಂದು ನಾನು ಕಾದೆ. ಅತ್ತೆ ಎದ್ದು ಬಚ್ಚಲಿಗೆ ಹೋದರು. ತಂಬಿಗೆ ತುಂಬಿಕೊಂಡು ಗಂಟಲಿನವರೆಗೆ ಬೆರಳು ಹಾಕಿ ಬಾಯಿ ಮುಕ್ಕಳಿಸಿದರು, ಉಗಿದರು, ಮತ್ತೆ ಮುಕ್ಕಳಿಸಿದರು. ಆ ನೀರು ಕಾಲುವೆ ಹಿಡಿದು ನಿಧಾನವಾಗಿ ಬಂದು ಒಣಗಿದ ಬಸಳೆಯ ಬುಡದಲ್ಲಿ ನಿಂತಿತು.